ತಾಮ್ರ ತೂಗಿ ತಂದ ಕಾರ್ಡು

ಮೂವತ್ತೆರಡು ಸಾವಿರ ರೂಪಾಯಿ! ಒಂದು ಗೇಣುದ್ದದ ಕಾರ್ಡಿಗೆ! ಎರಡು ಸಾವಿರದ ಐದನೇ ಇಸ್ವಿ ಮಾತು ಇದು. ಆವಾಗ ಮೂವತ್ತೆರಡು ಸಾವಿರಕ್ಕೆ ನಮ್ಮ ಕಡೆ ಒಂದು ಜೊತೆ ಎತ್ತು ಬರ್ತಿದ್ವು. ಮೊಳಕಾಲ್ಮೂರಿನ ಒಳ್ಳೇ ರೇಷ್ಮೆ ಸೀರೆ ಏಳೆಂಟು ಬರ್ತಿದ್ವು. ಅಷ್ಟು ದುಡ್ಡನ್ನ ಕಂಪ್ಯೂಟರ್ ಒಳಗೆ ಸಿಗಿಸೋ ಒಂದು ಹಲಗೆಗೆ ಕೇಳ್ತಾರಲ್ಲ, ಅದೂ ಆಟ ಆಡೋಕೆ, ಅವ್ರಿಗೇನು ಮಾನ ಮರ್ಯಾದೆ ಐತಾ? ಇವತ್ತಿಗೂ ನೆನೆಸ್ಕೊಂಡ್ರೆ ಮೈ ಉರೀತದೆ.

ನಂಗೇನೂ ಆ ಕಾರ್ಡಿಂದ ಆಗ್ಬೇಕಾಗಿದ್ದಿಲ್ಲ. ನಾನು ನನ್ನಿವಾಳದ ದುರುಗೇಶ, ಚಳ್ಳಕೆರೆ ಬಸ್‌ಸ್ಟ್ಯಾಂಡಲ್ಲಿ ಆಟೋ ಇಟ್ಕೊಂಡೋನು. ಕಾರ್ಡು ಬೇಕಾಗಿದ್ದು ಮುಬಷೀರನಿಗೆ. ಮುಬಷೀರ ಅಂದ್ರೆ ಬಳ್ಳಾರಿ ರಸ್ತೇಲಿ ಲಾರಿ ಗ್ಯಾರೇಜು ಇಟ್ಟಿದ್ದ ರಸೂಲ್ ಸಾಬರ ಎರಡನೇ ಮಗ, ನಂಗೆ ಐದನೇ ಕ್ಲಾಸಿಂದ ಗೆಣೆಕಾರ. ಅವ್ನ ಎಡಗಾಲು ಚಿಕ್ಕಂದಿನಾಗೇ ಪೋಲಿಯೋ ಬಂದು ಸೊರಗಿತ್ತು. ಎಡಗೈಯಿಂದ ಮೊಣಕಾಲು ಒತ್ತಿ ಹಿಡ್ಕೊಂಡು ನಡೀತಿದ್ದ. ನಡೀತಿದ್ದ ಅಂದ್ನಲ್ಲ, ಯಾರಾದ್ರೂ ಕೈ ಹಿಡಿಯೋಕೆ ಹೋದ್ರೆ "ನಿನ್ನ ಕೈಗೆ ಏನು ಕೆಲ್ಸ ಇಲ್ವಾ?" ಅಂತ ರೇಗ್ತಿದ್ದ.

ಅಪ್ಪನ ಗ್ಯಾರೇಜಿನ ಮೂಲೇಲೇ ಅವ್ನ ರಿವೈಂಡಿಂಗ್ ಅಂಗಡಿ. ಎಣ್ಣೆ ಮಿಲ್ಲಿನ ಮೋಟ್ರು, ಬೋರಿನ ಮೋಟ್ರು, ಸುಟ್ಟು ಕರಕಲಾಗಿದ್ದೆಲ್ಲ ಅವ್ನ ಹತ್ರಾನೇ ಬರೋವು. ಸುಟ್ಟ ತಂತಿ ಬಿಚ್ಚಿ, ಗಿರಾಕಿ ಕಣ್ಮುಂದೆ ತಕ್ಕಡಿಗೆ ಹಾಕಿ, "ನೋಡ್ರಿ, ನಿಮ್ಮ ಮೋಟ್ರಾಗೆ ಇಷ್ಟು ತಾಮ್ರ ಇತ್ತು, ನಾನು ಹೊಸದು ಅಷ್ಟೇ ಸುತ್ತೀನಿ" ಅಂತ ಹೇಳೋನು. ಹಳೇ ತಾಮ್ರ ಗಿರಾಕಿಗೇ ವಾಪಸ್ಸು. ಅವ್ನ ಕಸುಬಲ್ಲಿ ದೊಡ್ಡ ಮೋಸ ಅಂದ್ರೆ ತಾಮ್ರ ಅಂತ ಹೇಳಿ ಅಲ್ಯೂಮಿನಿಯಂ ತಂತಿ ಸುತ್ತೋದು. ಮೋಟ್ರು ಎತ್ತಿ ನೋಡಿದ್ರೇ ಮುಬಷೀರನಿಗೆ ಗೊತ್ತಾಗ್ತಿತ್ತು. "ಹಗುರ ಐತೆ, ಯಾರೋ ನಿಮ್ಗೆ ಟೋಪಿ ಹಾಕವ್ರೆ" ಅಂತ ಮುಖದ ಮೇಲೇ ಹೇಳ್ತಿದ್ದ. ಹಂಗೆ ಹೇಳಿ ಊರಾಗಿನ ಬೇರೆ ರಿವೈಂಡಿಂಗ್ ಅಂಗಡಿಯೋರ ಕೂಡ ಎಷ್ಟು ಸಲ ಜಗಳ ಆಡಿದ್ನೋ.

ಇಂಥಾ ಮನುಷ್ಯಂಗೆ ಒಂದೇ ಒಂದು ಆಸೆ ಇತ್ತು. ಗಾಡಿ ಓಡಿಸ್ಬೇಕು. ಲಾರಿ ಗ್ಯಾರೇಜಲ್ಲಿ ಹುಟ್ಟಿ ಬೆಳೆದೋನು, ಅಣ್ಣ ಶಕೀಲ್ ಲಾರಿ ಡ್ರೈವರು, ಇವ್ನಿಗೆ ಆಸೆ ಹುಟ್ಟದೆ ಇರ್ತದಾ? ಹದಿನಾರನೇ ವಯಸ್ಸಲ್ಲಿ ಒಂದಿನ, ಅಪ್ಪ ಜುಮ್ಮಾ ನಮಾಜಿಗೆ ಹೋಗಿದ್ದಾಗ, ರಿಪೇರಿಗೆ ಬಂದ ಲಾರಿ ಹತ್ತಿ ಸ್ಟಾರ್ಟ್ ಮಾಡ್ಬಿಟ್ಟ. ಕ್ಲಚ್ ಒತ್ತೋಕೆ ಎಡಗಾಲನ್ನ ಕೈಯಾಗೆ ಎತ್ತಿ ಇಟ್ನಂತೆ. ಇಟ್ಟಿದ್ದು ಸರಿ, ಬಿಡೋದು ಹೆಂಗೆ? ಲಾರಿ ಹೋಗಿ ಗ್ಯಾರೇಜಿನ ಗೋಡೆಗೆ ಗುದ್ದಿತು. ಗೋಡೆ ಬಿತ್ತು, ಇವ್ನಿಗೆ ಏನೂ ಆಗ್ಲಿಲ್ಲ. ರಸೂಲ್ ಸಾಬರು ಹೊಡೀಲಿಲ್ಲ, ಬೈಲಿಲ್ಲ. "ಬೇಟಾ, ಸ್ಟೇರಿಂಗ್ ನಿನ್ನ ನಸೀಬಲ್ಲಿಲ್ಲ. ಇನ್ಮೇಲೆ ಮುಟ್ಬೇಡ" ಅಂದ್ರು. ಮುಬಷೀರನ ಅವ್ವ ಬಿಸ್ಮಿಲ್ಲಾ ಬೀ ತಮ್ಮ ತಲೆ ಮೇಲೆ ಕೈ ಇಡಿಸ್ಕೊಂಡು ಆಣೆ ತಗೊಂಡ್ರು. ಆ ಮಾತೇ ಮನೆಗೆಲ್ಲ ಕಾಯ್ದೆ ಆಯ್ತು. ನಮ್ಗೂ ಆಯ್ತು.

ಆಮೇಲೆ ಎರಡು ಸಾವಿರದ ಮೂರರಾಗೆ ಅವ್ನಿಗೆ ಕಂಪ್ಯೂಟ್ರು ಸಿಕ್ತು. ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಮುರುಗೇಂದ್ರಪ್ಪನೋರು ಸೀರೆ ಅಂಚಿನ ಡಿಸೈನ್ ಬರೆಸೋಕೆ ಇಟ್ಕೊಂಡಿದ್ದು, ಹೊಸದು ತಗೊಂಡು ಹಳೇದನ್ನ ಇವ್ನಿಗೆ ಕಮ್ಮಿ ರೇಟಿಗೆ ಕೊಟ್ರು. ನನ್ನ ಆಟೋದಾಗೇ ಹಿಂದಿನ ಸೀಟಲ್ಲಿ, ಮಗು ಹಿಡ್ಕೊಂಡಂಗೆ ಹಿಡ್ಕೊಂಡು ಬಂದ. ಅದ್ರಾಗೆ ಒಂದು ಕಾರ್ ರೇಸಿನ ಆಟ ಇತ್ತು. ಕೀಬೋರ್ಡಿನ ಬಾಣದ ಗುರುತು ಒತ್ತಿದ್ರೆ ಕಾರು ತಿರುಗ್ತದೆ, ಕ್ಲಚ್ಚಿಲ್ಲ, ಕಾಲಿಲ್ಲ. ಮೊದಲ್ನೇ ದಿನ ಆ ಆಟ ಆಡ್ತಿದ್ದವನ ಮುಖ ನಾನು ನೋಡಿದೀನಿ. ಮೂವತ್ತು ದಾಟಿದ ಗಂಡಸು, ತಿರುವು ಬಂದಾಗ ಮೈನೂ ಹಂಗೇ ವಾಲಿಸ್ತಾನೆ! ನಾನು ನಕ್ಕೆ. "ನಗು ಲೇ, ನಗು. ನಾನೀಗ ನೂರಾ ಎಂಬತ್ತರಾಗಿದೀನಿ, ನಿನ್ನ ಆಟೋ ಎಷ್ಟು ಹೋಗ್ತದೆ?" ಅಂದ.

ದಿನಾ ಸಾಯಂಕಾಲ ಕೆಲ್ಸ ಮುಗ್ಸಿ ಒಂದು ಗಂಟೆ ಓಡಿಸೋನು. ಎರಡು ವರ್ಷಕ್ಕೆ ಆ ಆಟದಾಗೆ ಇದ್ದ ರಸ್ತೆಯೆಲ್ಲ ಬಾಯಿಪಾಠ ಆಗೋಯ್ತು. ಅಷ್ಟರಾಗೆ ತಾಲ್ಲೂಕಾಫೀಸ್ ಹತ್ರ ಕಂಪ್ಯೂಟರ್ ಕಲಿಸೋ ಸುನಿತಾ ಒಂದು ಹೊಸ ಆಟದ ಸೀಡಿ ತಂದ್ಳು. ಆ ಆಟ ನೋಡ್ಬೇಕಿತ್ತು ನೀವು. ಮಳೆ ಬಿದ್ದ ರಸ್ತೆ ಮೇಲೆ ದೀಪ ಹೊಳೀತದೆ, ಕಾರಿನ ಒಳಗಿಂದ್ಲೇ ಕಾಣ್ತದೆ, ಸ್ಟೇರಿಂಗ್ ಹಿಡಿದ ಎರಡು ಕೈ ಕಾಣ್ತವೆ. ಅವ್ಳ ಸೆಂಟರಿನ ಹೊಸ ಮಿಷಿನ್ನಲ್ಲಿ ಹತ್ತು ನಿಮಿಷ ಆಡಿ ಬಂದ ಮುಬಷೀರ, ಎರಡು ದಿನ ಹಳೇ ಆಟದ ಕಡೆ ತಿರುಗಿ ಕೂಡ ನೋಡ್ಲಿಲ್ಲ.

ಅವ್ನ ಹಳೇ ಮಿಷಿನ್ನಲ್ಲಿ ಅದು ಶುರೂನೇ ಆಗ್ತಿರ್ಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇಕಂತೆ. ಚಿತ್ರ ಲೆಕ್ಕ ಹಾಕಿ ಬರೆಯೋದೇ ಅದಂತೆ. ಸುನಿತಾ ಹತ್ರ ಕಂಪ್ಯೂಟರ್ ಪತ್ರಿಕೆ ಇತ್ತು, ಅದ್ರಾಗೆ ರೇಟಿನ ಪಟ್ಟಿ. ಆಗ್ಲೇ ನಾನು ನೋಡಿದ್ದು ಮೂವತ್ತೆರಡು ಸಾವಿರ.

"ಏನಮ್ಮ ಸುನಿತಾ, ಬಂಗಾರದಾಗೆ ಮಾಡ್ತಾರಾ?" ಅಂದೆ.

"ಇಲ್ಲಣ್ಣ, ಅದು ಎಲ್ಲಕ್ಕಿಂತ ಮೇಲಿಂದು, ಈ ವರ್ಷದ್ದು. ಮುಂದಿನ ವರ್ಷ ಅದೇ ಹದಿನೈದಕ್ಕೆ ಬರ್ತದೆ. ಅದರ ಮುಂದಿನ ವರ್ಷ ಐದಕ್ಕೂ ಯಾರೂ ಕೇಳಲ್ಲ."

ಕೇಳಿದ್ರಾ? ಹಿಂಗೂ ಉಂಟಾ ವ್ಯಾಪಾರ? ಮೊಳಕಾಲ್ಮೂರಿನ ಸೀರೆ ಹರಿದು ಚಿಂದಿಯಾದ್ರೂ ಅಸಲಿ ಜರಿ ಸುಟ್ರೆ ಬೆಳ್ಳಿ ಬರ್ತದೆ. ಎತ್ತು ಮುದಿಯಾಗೋಕೂ ಹತ್ತು ವರ್ಷ ಬೇಕು. ಇದು ಡಬ್ಬ ಒಡೆಯೋದ್ರೊಳಗೇ ಮುದಿ! ಇನ್ನು ಅದರ ನಂಬರುಗಳೋ, ಶಿವನೇ ಬಲ್ಲ. ನಂಬರ್ ದೊಡ್ಡದಿದ್ರೆ ಒಳ್ಳೇದು ಅಂತಲ್ವಂತೆ. ಮೊದಲ್ನೇ ಅಂಕಿ ಬೇರೆ ಲೆಕ್ಕ, ಎರಡನೇ ಅಂಕಿ ಬೇರೆ ಲೆಕ್ಕ, ಹಿಂದೆ ಎರಡು ಅಕ್ಷರ ಇದ್ರೆ ಒಂದು ರೇಟು, ಇಲ್ದಿದ್ರೆ ಅದರರ್ಧ. ಅದೂ ಸಾಲ್ದು ಅಂತ ಆ ವರ್ಷಾನೇ ಸಿಗಿಸೋ ಜಾಗಾನೇ ಬದಲಾಯಿಸಿದ್ರಂತೆ. ಹೊಸ ಕಾರ್ಡ್ ಬೇಕಂದ್ರೆ ಒಳಗಿನ ಬೋರ್ಡೂ ಹೊಸದು ಬೇಕು, ಕರೆಂಟ್ ಕೊಡೋ ಡಬ್ಬಾನೂ ಹೊಸದು ಬೇಕು. ಹೆಂಗಸ್ರು ಬಳೆ ಕೊಳ್ಳೋಕೆ ಹೋದ್ರೆ ಕೈಯೇ ಬದಲಾಯಿಸಿ ಅಂದಂಗಾಯ್ತಲ್ಲ! ಗೊತ್ತಿಲ್ದೋರು ಕಣ್ಣು ಕಣ್ಣು ಬಿಡ್ಲಿ ಅಂತಾನೇ ಮಾಡಿದ್ದಿದು, ನಾನು ಆಣೆ ಮಾಡಿ ಹೇಳ್ತೀನಿ.

ಸುನಿತಾ ಒಳ್ಳೇ ಹುಡುಗಿ. "ಮುಬಷೀರಣ್ಣ, ನಿಮ್ಗೆ ಮೂವತ್ತೆರಡರದ್ದು ಬೇಕಾಗಿಲ್ಲ. ಹನ್ನೊಂದೂವರೆ ಸಾವಿರದ್ದೊಂದು ಬಂದೈತೆ, ನಿಮ್ಮ ಹಳೇ ಬೋರ್ಡಿಗೇ ಕೂರ್ತದೆ, ಈ ಆಟಕ್ಕೆ ಧಾರಾಳ ಸಾಕು" ಅಂತ ಒಂದು ಚೀಟೀಲಿ ಹೆಸ್ರು ನಂಬರು ಬರೆದುಕೊಟ್ಳು. ಮುಬಷೀರ ಬೇಸಿಗೇಲಿ ಬೋರಿನ ಮೋಟ್ರು ಸುತ್ತಿ ಸುತ್ತಿ ಹದಿನೇಳು ಸಾವಿರ ಕೂಡಿಸಿಟ್ಟಿದ್ದ. ಒಂದು ಬುಧವಾರ ಬೆಳಿಗ್ಗೆ ಇಬ್ರೂ ಬಸ್ ಹತ್ತಿ ಬೆಂಗಳೂರಿಗೆ ಹೋದ್ವಿ.

ಅಂಗಡಿ ಹೆಸ್ರು ಬಿಡಿ, ಬೀದಿ ತುಂಬ ಅಂಥವೇ ಇದ್ವು. ಅಂಗಡಿಯೋನು ಚೀಟಿ ನೋಡಿ ಕಾರ್ಡ್ ತೆಗ್ದು ಕೊಟ್ಟ. ಮುಬಷೀರ ಅದನ್ನ ಅಂಗೈ ಮೇಲೆ ಇಟ್ಕೊಂಡ. ಒಂದ್ಸಲ ಮೇಲೆ ಕೆಳಗೆ ಆಡಿಸ್ದ. ಅವ್ನ ಮುಖ ಸಪ್ಪಗಾಯ್ತು. "ಇದೇನ್ರೀ ಇಷ್ಟು ಹಗುರ?" ಅಂತ ತಿರುಗಿಸಿ ನೋಡ್ದ. ಲೆಕ್ಕ ಹಾಕೋ ಚಿಪ್ಪಿನ ಮೇಲೆ ಬಿಸಿ ಹೀರೋಕೆ ಅಂತ ಒಂದು ಲೋಹದ ತುಂಡು ಕೂರಿಸಿರ್ತಾರೆ, ಅದು ಅಲ್ಯೂಮಿನಿಯಮ್ಮು. "ಅಲ್ಯೂಮಿನಿಯಂ ಹಾಕವ್ರೆ ನೋಡೋ ದುರ್ಗ್ಯಾ" ಅಂದ. ನಾನೂ ಕೈಗೆ ತಗೊಂಡು ನೋಡ್ದೆ. ನಿಜ, ಹಪ್ಪಳ ಇದ್ದಂಗಿತ್ತು.

ಅಂಗಡಿಯೋನು ಇವ್ನ ಕೈ ನೋಡ್ದ, ಮುಖ ನೋಡ್ದ. ಕಳ್ಳ ನನ್ಮಗ, ಅಷ್ಟರಲ್ಲೇ ಎಲ್ಲಾ ತಿಳ್ಕೊಂಬಿಟ್ಟ. ಒಳಗೆ ಹೋಗಿ ಇನ್ನೊಂದು ಡಬ್ಬ ತಂದ. "ನೀವು ಮಾಲು ಗೊತ್ತಿರೋರು ಸಾರ್. ಇದನ್ನ ನೋಡಿ" ಅಂದ. ಒಂದು ಗೇಣುದ್ದ ಕಾರ್ಡು, ಮೇಲೆ ಕೆಂಪಗೆ ಹೊಳೆಯೋ ತಾಮ್ರದ ದಿಮ್ಮಿ, ಎರಡು ಫ್ಯಾನು. ಮುಬಷೀರ ಎತ್ತಿ ನೋಡ್ದ. ಉಗುರಲ್ಲಿ ಗೀರಿ ನೋಡ್ದ. "ಅಸಲಿ ತಾಮ್ರ" ಅಂದ, ನನ್ನ ಕಡೆ ತಿರುಗಿ.

"ಇದು ಟಾಪ್ ಕಾರ್ಡ್ ಸಾರ್, ರಾಜ ಇದ್ದಂಗೆ. ಮೂವತ್ತು ಸಾವಿರಕ್ಕೆ ಮಾರಿದೀನಿ ನಾನೇ. ನಿಮ್ಗೆ ಹದಿನೆಂಟು."

ಯಾವಾಗ ಮಾರಿದ್ದು ಅಂತ ಅವ್ನು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ಸುನಿತಾ ಬರೆದ ಚೀಟಿ ಟೇಬಲ್ ಮೇಲೇ ಬಿದ್ದಿತ್ತು. ಹಗಲು ಕಂಡ ಬಾವೀಲಿ ಇರುಳು ಬಿದ್ರು ಅಂತಾರಲ್ಲ, ಹಂಗೆ ಬಿದ್ವಿ. ನಾನೇ ಚೌಕಾಸಿ ಮಾಡಿ ಹದಿನಾರೂವರೆಗೆ ಇಳಿಸ್ದೆ. ಇಳಿಸಿದ್ದಕ್ಕೆ ಬಸ್ಸಲ್ಲಿ ಹಿರಿಯೂರು ಬರೋವರೆಗೂ ಮೀಸೆ ತಿರುವ್ಕೊಂಡು ಬಂದೆ, ನಾಚಿಕೆ ಬಿಟ್ಟು ಹೇಳ್ತೀನಿ.

ಮಾರನೇ ದಿನ ಸುನಿತಾ ಬಂದು ಕಾರ್ಡ್ ಕೂರಿಸಿದ್ಳು. ಫ್ಯಾನು ಹಿಟ್ಟಿನ ಗಿರಣಿ ಥರ ಸದ್ದು ಮಾಡ್ತು. ಮುಬಷೀರ ಸೀಡಿ ಹಾಕ್ದ. ಪರದೆ ಮೇಲೆ ಒಂದು ಸಣ್ಣ ಚೌಕ ಬಂತು, ಇಂಗ್ಲೀಷಲ್ಲಿ ಎರಡು ಸಾಲು. ಸುನಿತಾ ಅದನ್ನ ಎರಡು ಸಲ ಓದಿದ್ಳು.

"ಏನಂತೆ?" ಅಂದ ಮುಬಷೀರ.

"ಈ ಕಾರ್ಡಲ್ಲಿ ಆಟ ಓಡಲ್ವಂತೆ ಅಣ್ಣ. ನಾನು ಬರೆದುಕೊಟ್ಟಿದ್ದು ಇದಲ್ವಲ್ಲ? ಇದು ಮೂರು ವರ್ಷದ ಹಿಂದೆ ಎಲ್ಲಕ್ಕಿಂತ ದೊಡ್ಡ ಕಾರ್ಡು. ಹಳೇ ಆಟಕ್ಕೆಲ್ಲ ಚೆನ್ನಾಗೈತೆ. ಈ ಹೊಸ ನೆರಳು ಬೆಳಕಿನ ಲೆಕ್ಕ ಐತಲ್ಲ, ಆ ವಿದ್ಯೆ ಇದಕ್ಕೆ ಬರಲ್ಲ. ಆ ಹಗುರದ್ದಕ್ಕೆ ಬರ್ತದೆ."

ಮುಬಷೀರ ಕುರ್ಚಿ ಮೇಲೆ ಹಂಗೇ ಕೂತಿದ್ದ. ಕೈ ಇನ್ನೂ ಬಾಣದ ಗುರುತಿನ ಮೇಲೇ ಇತ್ತು. ಆಮೇಲೆ ಎದ್ದು ಒಂದು ಮೋಟ್ರಿನ ತಂತಿ ಬಿಚ್ಚೋಕೆ ಕೂತ.

ಮುಂದಿನ ಬುಧವಾರ ಕಾರ್ಡ್ ಎತ್ಕೊಂಡು ಮತ್ತೆ ಹೋದ್ವಿ. ಅಂಗಡಿಯೋನು ತಲೆ ಎತ್ತಿ ನೋಡ್ಲೂ ಇಲ್ಲ.

"ಮಾಲು ಕೆಟ್ಟೈತಾ?"

"ಕೆಟ್ಟಿಲ್ಲ" ಅಂದ ಮುಬಷೀರ.

"ನಾನು ಚೀಟೀಲಿದ್ದಿದ್ದೇ ಮೊದ್ಲು ಕೊಟ್ಟೆ. ಬೇಡ ಅಂದಿದ್ದು ನೀವು, ಆರಿಸಿದ್ದು ನೀವು. ವಾಪಸ್ ತಗೊಳ್ಳೋದಾದ್ರೆ ಎರಡೂವರೆ ಸಾವಿರ. ಹಳೇ ಮಾಡೆಲ್ಲು, ಯಾರು ಕೊಳ್ತಾರೆ?"

ಒಂದು ವಾರ! ಒಂದೇ ವಾರದಾಗೆ ಹದಿನಾರೂವರೆ ಹೋಗಿ ಎರಡೂವರೆ! ಹೋದ ವಾರ ರಾಜ, ಈ ವಾರ ಯಾರೂ ಕೊಳ್ಳಲ್ಲ! ನಾನು ಬೀದೀಲೇ ನಿಂತು ಬಾಯಿಗೆ ಬಂದಂಗೆ ಬೈದೆ. ನಮ್ಮ ಅವ್ವ ಕೇಳಿದ್ರೆ ಬಾಯಿಗೆ ಬರೆ ಹಾಕ್ತಿದ್ಳು, ಅಂಥಾ ಮಾತು. ಜನ ಸೇರಿದ್ರು. "ನಿನ್ನ ಮನೆ ಹಾಳಾಗ, ಕಾಲಿಲ್ದೋನ ದುಡ್ಡು ತಿಂದು ನೀನು ಉದ್ಧಾರ ಆಗ್ತೀಯಾ?" ಅಂದೆ. ಆ ಮಾತಿಗೆ ಮುಬಷೀರ ನನ್ನ ರಟ್ಟೆ ಹಿಡಿದ. ಎಷ್ಟು ಗಟ್ಟಿ ಹಿಡಿದ ಅಂದ್ರೆ ಎರಡು ದಿನ ನೋವಿತ್ತು.

"ನಡಿ ಲೇ. ಅವ್ನು ಸುಳ್ಳು ಹೇಳಿಲ್ಲ. ತೂಕ ನೋಡಿ ತಗೊಂಡೋನು ನಾನು. ನನ್ನ ಕಾಲಿನ ಸುದ್ದಿ ಯಾಕೆ ತೆಗೀತೀಯಾ?"

ಊರಿಗೆ ಬಂದು ಅವ್ನು ಮಾಡಿದ ಮೊದಲ್ನೇ ಕೆಲ್ಸ ಕೇಳಿ. ಕಾರ್ಡಿನ ಸ್ಕ್ರೂ ಬಿಚ್ಚಿ ಆ ತಾಮ್ರದ ದಿಮ್ಮಿ ತೆಗೆದು ತಕ್ಕಡೀಲಿಟ್ಟ. ನೂರಾ ತೊಂಬತ್ತು ಗ್ರಾಂ. ಗುಜರಿ ರೇಟಿಗೆ ಮೂವತ್ತೈದು ರೂಪಾಯಿ. ಅದರ ಕೆಳಗೆ ಚಿಪ್ಪು ಇತ್ತು, ಹೆಬ್ಬೆಟ್ಟಿನ ಉಗುರಷ್ಟು. "ಬೆಲೆಯೆಲ್ಲ ಇದ್ರಾಗಂತೆ. ಇದನ್ನ ತೂಗೋ ತಕ್ಕಡಿ ನನ್ನ ಹತ್ರ ಇಲ್ಲ ಬಿಡು" ಅಂದ. ನಕ್ಕಂಗೆ ಮಾಡ್ದ. ಆಮೇಲೆ ಕಂಪ್ಯೂಟ್ರಿಗೆ ಗೋಣಿಚೀಲ ಮುಚ್ಚಿದ. ಹಳೇ ಆಟಾನೂ ಆಡೋದು ಬಿಟ್ಟ. ನಾನು ಕೇಳಿದ್ರೆ, "ಬಾಯಿಪಾಠ ಆದ ರಸ್ತೇಲಿ ಎಷ್ಟಂತ ಓಡಿಸ್ಲಿ?" ಅಂದ.

ಹತ್ತು ದಿನ ಆಗಿತ್ತೇನೋ. ನಾಯಕನಹಟ್ಟಿ ಕಡೆ ಒಂದು ಬೋರಿನ ಮೋಟ್ರು ಸುಟ್ಟೈತೆ ಅಂತ ಬುಲಾವ್ ಬಂತು, ನನ್ನ ಆಟೋದಾಗೆ ಹೊರಟ್ವಿ. ಅವ್ನು ಎಂದಿನಂಗೆ ಹಿಂದಿನ ಸೀಟಲ್ಲಿ, ಟೂಲ್ ಚೀಲ ಪಕ್ಕದಾಗೆ. ಕುದಾಪುರದ ಹತ್ರ ಹುಲ್ಲುಗಾವಲು, ಆವಾಗಿನ್ನೂ ಅಲ್ಲಿ ಕಾಂಪೌಂಡು ಬಿಲ್ಡಿಂಗು ಏನೂ ಎದ್ದಿರ್ಲಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಬಯಲು. ನನ್ನ ಬಾಯಿ ಸುಮ್ನಿರಲ್ವಲ್ಲ, ದಾರಿಯುದ್ದಕ್ಕೂ ಅದೇ ಬೈಗುಳ.

"ಹದಿನಾರೂವರೆ ಸಾವಿರ ಕಣೋ! ಹೋಗ್ಲಿ ಮೇಲಿಂದು ತಗೊಳ್ಳೋಣ ಅಂದ್ರೆ ಮೂವತ್ತೆರಡು! ಮೂವತ್ತೆರಡಕ್ಕೆ ಒಂದು ಹಳೇ ಆಟೋನೇ ಬರ್ತದೆ. ಸುಳ್ಳು ಕಾರು ಓಡಿಸೋ ರೇಟಲ್ಲಿ ನಿಜವಾದ ಗಾಡಿ ಬರ್ತದಲ್ಲೋ!"

ಅಂದೆ. ಅಂದು ಗೇರ್ ಬದಲಾಯಿಸ್ದೆ. ಎಡಗೈಯಲ್ಲಿ ಕ್ಲಚ್ ಹಿಡಿದು, ಅದೇ ಕೈ ತಿರುವಿ. ಬಲಗಾಲು ಬ್ರೇಕಿನ ಮೇಲಿತ್ತು. ನನ್ನ ಎಡಗಾಲು ನೋಡ್ಕೊಂಡೆ. ಚಪ್ಪಲಿ ಬಿಟ್ಟು ತಗಡಿನ ಮೇಲೆ ಸುಮ್ನೆ ಚಾಚ್ಕೊಂಡಿತ್ತು. ಅದಕ್ಕೆ ಕೆಲ್ಸಾನೇ ಇಲ್ಲ. ಒಂಬತ್ತು ವರ್ಷದಿಂದ ಆಟೋ ಓಡಿಸ್ತಿದೀನಿ, ಯಾವತ್ತೂ ಇರ್ಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

ಆಟೋ ನಿಲ್ಲಿಸ್ದೆ. ಇಳಿದೆ. "ಮುಂದೆ ಬಾ" ಅಂದೆ.

ಅವ್ನು ಯಾಕೆ ಅಂತ ಕೇಳ್ಲಿಲ್ಲ. ಟೂಲ್ ಚೀಲ ಸರಿಸಿ, ಮೊಣಕಾಲು ಒತ್ತಿ ಹಿಡಿದು ಇಳಿದು, ಮುಂದಿನ ಸೀಟಿಗೆ ಬಂದು ಕೂತ. ನಾನು ಪಕ್ಕದಾಗೆ ನಿಂತು ಹೇಳಿಕೊಡೋಕೆ ಶುರು ಮಾಡ್ದೆ, "ನೋಡು, ಇದು ಕ್ಲಚ್ಚು, ಇದನ್ನ ಹಿಡಿದು..." ಅಷ್ಟರಾಗೆ ಅವ್ನು ಕೆಳಗಿನ ಲಿವರ್ ಎಳೆದು ಸ್ಟಾರ್ಟ್ ಮಾಡ್ದ. ಕ್ಲಚ್ ಹಿಡಿದ, ಗೇರ್ ಹಾಕ್ದ, ಬಿಟ್ಟ. ಒಂದು ಸಣ್ಣ ಜರ್ಕೂ ಇಲ್ಲ. ಆಟೋ ಹುಲ್ಲಿನ ಮೇಲೆ ಹೊರಟೇ ಹೋಯ್ತು. ನಾನು ಹಿಂದೆ ಓಡ್ದೆ, ಆಮೇಲೆ ನಿಂತೆ. ದೂರದಾಗೆ ಒಂದು ದೊಡ್ಡ ಸುತ್ತು ಹಾಕಿದ, ತಿರುವಲ್ಲಿ ಮೈ ವಾಲಿಸ್ದ. ಎರಡನೇ ಗೇರು, ಮೂರನೇ ಗೇರು. "ಅರೆ ವ್ಹಾ!" ಅಂತ ಒಬ್ನೇ ಕೂಗ್ತಿದ್ದ, ನಂಗೆ ಇಲ್ಲಿಗೆ ಕೇಳಿಸ್ತು. ನನ್ನ ಕಣ್ಣು ತುಂಬಿ ಬಂದ್ವು, ಅದನ್ನೂ ಮುಚ್ಚಿಡಲ್ಲ.

ವಾಪಸ್ ಬಂದು ನನ್ನ ಮುಂದೆ ನಿಲ್ಲಿಸ್ದ. ಮೈಯೆಲ್ಲ ಬೆವರು.

"ಲೇ, ಯಾವಾಗ ಕಲ್ತೆ ಇದನ್ನ?" ಅಂದೆ.

"ನಿನ್ನ ಬೆನ್ನ ಹಿಂದೆ ಕೂತು. ಒಂಬತ್ತು ವರ್ಷ ಏನು ನೋಡ್ತಿದ್ದೆ ಅನ್ಕೊಂಡೆ, ನಿನ್ನ ಕುತ್ತಿಗೇನಾ?"

"ಆಟೋಕ್ಕೆ ಎಡಗಾಲು ಬೇಡ ಅಂತ ನಿಂಗೆ ಗೊತ್ತಿತ್ತಾ?"

"ನಾನು ಮೆಕ್ಯಾನಿಕ್ ಮಗ ಕಣೋ."

ನಂಗೆ ಕೋಪ ನೆತ್ತಿಗೇರಿತು. "ಮತ್ತೆ ಬಾಯಿ ಬಿಟ್ಟು ಕೇಳೋಕೇನಾಗಿತ್ತು ನಿಂಗೆ? ಅಪ್ಪಂಗೆ ಹೆದರಿದ್ಯಾ? ನಾನೇನು ಇಲ್ಲ ಅಂತಿದ್ನಾ?"

ಅವ್ನು ಹ್ಯಾಂಡಲ್ ಮೇಲಿಂದ ಕೈ ತೆಗೀದೆ, ನನ್ನ ಮುಖಾನೇ ನೋಡ್ದ.

"ಕೇಳಿದ್ದೆ, ದುರ್ಗ್ಯಾ. ನಿನ್ನ ಮದ್ವೆ ವರ್ಷ, ರಂಜಾನ್ ಮಾರನೇ ದಿನ, ನಿಮ್ಮ ನನ್ನಿವಾಳದ ದಾರೀಲಿ. ಒಂದ್ಸಲ ಕೊಡೋ, ಆ ಮರದವರೆಗೂ ಅಂದಿದ್ದೆ. ಸುಮ್ನೆ ಕೂತ್ಕೊಳ್ಳೋ ಕುಂಟ ಅಂದೆ ನೀನು. ಅಂದು ನಕ್ಕೆ."

ನಂಗೆ ನೆನಪೇ ಇಲ್ಲ. ಎಷ್ಟು ತಲೆ ಕೆರ್ಕೊಂಡ್ರೂ ನೆನಪಾಗ್ಲಿಲ್ಲ. ಆದ್ರೆ ಮುಬಷೀರ ಸುಳ್ಳು ಹೇಳೋನಲ್ಲ, ಅದು ಊರಿಗೇ ಗೊತ್ತು.

ಅವತ್ತು ಮೋಟ್ರು ಕೆಲ್ಸ ಮುಗ್ಸಿ ಚಳ್ಳಕೆರೆಗೆ ಅವ್ನೇ ಓಡಿಸ್ಕೊಂಡು ಬಂದ. ನಾನು ಹಿಂದಿನ ಸೀಟಲ್ಲಿ ಟೂಲ್ ಚೀಲ ಹಿಡ್ಕೊಂಡು ಕೂತಿದ್ದೆ. ದಾರಿಯುದ್ದಕ್ಕೂ ಬೈಯೋಕೆ ನಂಗೆ ನನ್ನ ಬಿಟ್ಟು ಬೇರೆ ಯಾರೂ ಸಿಗ್ಲಿಲ್ಲ.